ಅಪಘಾತವಿಲ್ಲದ ಸಾಹೇಬರು

ಸಾಹೇಬರು ತೀರಿಕೊಂಡರಂತೆ. ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಸಂಜೆಯ ಚಹಾಕ್ಕೆ ಏಳಲಿಲ್ಲವಂತೆ. ಹಳೆಯ ಸೈಟಿನವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಿದ್ದದ್ದೇ ತಡ, ಕೈ ಮುಗಿದ ಚಿತ್ರಗಳೂ ಉರಿಯುವ ದೀಪಗಳೂ ಸಾಲುಗಟ್ಟಿದವು. ಸುರಕ್ಷತೆಯ ಆಧಾರಸ್ತಂಭವೇ ಕುಸಿಯಿತು ಎಂದು ಒಬ್ಬ ಇಂಜಿನಿಯರ್ ಬರೆದ. ಕಟ್ಟಡದವನಾಗಿ ಕಂಬ ಕುಸಿದ ಮಾತನ್ನು ಅಷ್ಟು ಹಗುರಾಗಿ ಆಡಬಾರದಿತ್ತು. ಅವರ ಜೊತೆ ಅಷ್ಟು ವರ್ಷ ಇದ್ದವರು ನೀವು, ಎರಡು ಮಾತು ಬರೆಯಿರಿ ಎಂದು ನನಗೆ ಫೋನ್ ಬೇರೆ ಬಂತು. ಎರಡು ಮಾತಿನಲ್ಲಿ ಮುಗಿಯುವ ಮನುಷ್ಯರಲ್ಲ ಅವರು. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಅನ್ನುತ್ತಾರೆ. ಬದುಕಿದ್ದಾಗ ಆಡಿದರೆ ನಕ್ಕು, ಚಹಾ ತರಿಸಿ, ಬೆನ್ನು ತಟ್ಟಿ ಕಳಿಸುತ್ತಿದ್ದರು. ಹಾಗಾಗಿ ಈಗ ಆಡುತ್ತಿದ್ದೇನೆ.

ನಾನು ನರ್ಸು. ಪುಣೆಯ ಭೋಸರಿ ದಾಟಿ ಮೋಶಿಯ ಕಡೆ ಹೋದರೆ ಹೊಲಗಳಿದ್ದ ಜಾಗದಲ್ಲಿ ಈಗ ಎತ್ತರದ ವಸತಿ ಕಟ್ಟಡಗಳ ಗುಂಪೊಂದಿದೆ. ಅದು ಏಳುತ್ತಿದ್ದ ಕಾಲದಲ್ಲಿ ಅಲ್ಲಿಯ ಪ್ರಥಮ ಚಿಕಿತ್ಸೆಯ ಕೋಣೆ ನನ್ನದಾಗಿತ್ತು. ಒಂದು ಮಂಚ, ಒಂದು ಕಪಾಟು, ಗೋಡೆಯ ಮೇಲೆ ಮನುಷ್ಯನ ಎಲುಬುಗಳ ಚಿತ್ರ. ಪಕ್ಕದ ಕೋಣೆ ಸಾಹೇಬರದು. ಅವರು ಆ ಸೈಟಿನ ಸುರಕ್ಷತಾ ಅಧಿಕಾರಿ. ಯಾರೂ ಬೀಳದಂತೆ, ಯಾರ ಮೇಲೂ ಏನೂ ಬೀಳದಂತೆ ನೋಡಿಕೊಳ್ಳುವುದು ಅವರ ಕೆಲಸ. ಬಿದ್ದವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೀಗೆ ನಮ್ಮದು ಒಂದೇ ಗೋಡೆಯ ಸಂಸಾರ.

ಗಿಡ್ಡ ಆಳು, ಕತ್ತರಿಸಿದ ಬಿಳಿ ಮೀಸೆ, ಹಣೆಯ ಮೇಲೆ ತೆಳ್ಳಗೆ ವಿಭೂತಿ. ತಲೆಯ ಮೇಲಿನ ಬಿಳಿ ಹೆಲ್ಮೆಟ್ಟಿಗೆ ಒಂದು ಗೀರು ಇದ್ದದ್ದನ್ನು ನಾನು ಕಂಡಿಲ್ಲ. ಅದರ ಪಟ್ಟಿಯನ್ನು ಗದ್ದಕ್ಕೆ ಬಿಗಿದೇ ಡಬ್ಬಿಯ ರೊಟ್ಟಿ ತಿನ್ನುತ್ತಿದ್ದರು, ಅಗಿಯುವಾಗ ಹೆಲ್ಮೆಟ್ಟೂ ಮೇಲೆ ಕೆಳಗೆ ಆಡುತ್ತಿತ್ತು. ನಿಂತ ಕಾರಿನಲ್ಲಿ ಕೂತು ಫೋನಿನಲ್ಲಿ ಮಾತಾಡುವಾಗಲೂ ಬೆಲ್ಟು ಹಾಕಿಕೊಳ್ಳುತ್ತಿದ್ದರು. ಮೆಟ್ಟಿಲಿಳಿಯುವಾಗ ಕಟಾಂಜನ ಹಿಡಿಯದೆ ಒಂದು ಹೆಜ್ಜೆ ಇಟ್ಟವರಲ್ಲ. ಸೈಟಿನ ನೀರು ಕುಡಿಯುತ್ತಿರಲಿಲ್ಲ. ಸುರಕ್ಷತೆಯ ಮೇಲೆ ಅವರಿಗಿದ್ದ ಶ್ರದ್ಧೆಯನ್ನು ನಾನು ಯಾವತ್ತೂ ಅನುಮಾನಿಸಿಲ್ಲ. ಅದು ಯಾರ ಸುರಕ್ಷತೆ ಎನ್ನುವುದಷ್ಟೇ ನನ್ನ ತಕರಾರು.

ಮೇಲೆ ಮಾತ್ರ ಹೋಗುತ್ತಿರಲಿಲ್ಲ. ಕಟ್ಟಡ ಎಷ್ಟು ಎತ್ತರಕ್ಕೆ ಹೋದರೂ ಸಾಹೇಬರು ನೆಲದ ಮೇಲೆ. ಮಾದರಿಯಾಗಿ ನಿಲ್ಲಬೇಕಾದವನು ತಾನೇ ಅಪಾಯದೊಳಗೆ ಹೋಗಿ ನಿಂತರೆ ಜನ ಏನು ಕಲಿಯುತ್ತಾರೆ ಎಂದು ಕೇಳುತ್ತಿದ್ದರು. ಕೊರಳಲ್ಲಿ ಒಂದು ದುರ್ಬೀನು ಇರುತ್ತಿತ್ತು. ಬೆಳಿಗ್ಗೆ ಒಂದು ಸಲ, ಊಟವಾದ ಮೇಲೆ ಒಂದು ಸಲ ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಿ, ಎಲ್ಲರ ತಲೆಯ ಮೇಲೂ ಹೆಲ್ಮೆಟ್ ಇದೆ ಎಂದು ತೃಪ್ತಿಯಿಂದ ಒಳಗೆ ಬರುತ್ತಿದ್ದರು. ದುರ್ಬೀನಿನಲ್ಲಿ ಹೆಲ್ಮೆಟ್ಟಿನ ಬಣ್ಣ ಕಾಣುತ್ತದೆ, ಹಲಗೆಯ ಮೊಳೆ ಕಾಣುವುದಿಲ್ಲ. ಕಾಣಬೇಕಾದರೆ ಹತ್ತಬೇಕು.

ಅವರ ದೊಡ್ಡ ಆಸ್ತಿ ಅವರ ಕನ್ನಡ. ವಿಜಯಪುರದ ಕಡೆಯಿಂದ ಗುಮಾಸ್ತಿಕೆಗೆಂದು ಪುಣೆಗೆ ಬಂದ ಮನೆತನ, ಮರಾಠಿಯಲ್ಲಿ ಓದಿ ಮರಾಠಿಯಲ್ಲೇ ಬೈದಾಡುವ ಮನುಷ್ಯ, ಆದರೆ ತಾಯಿಯ ಭಾಷೆ ನಾಲಿಗೆಯ ಮೇಲೆ ಬೆಣ್ಣೆಯ ಹಾಗೆ ಉಳಿದಿತ್ತು. ಸೈಟಿನ ಕೂಲಿಯವರಲ್ಲಿ ಅರ್ಧ ಮಂದಿ ಯಾದಗಿರಿ, ಕಲಬುರಗಿ ಕಡೆಯವರು. ಬೇರೆ ಇಂಜಿನಿಯರುಗಳು ಅವರನ್ನು ಹಿಂದಿಯಲ್ಲಿ ಗದರಿಸುತ್ತಿದ್ದರೆ ಸಾಹೇಬರು ಹೆಣ್ಣುಮಕ್ಕಳನ್ನು ನಿಲ್ಲಿಸಿ, ನಿಮ್ಮ ಕಡೆ ಜೋಳ ಹೇಗಿದೆ, ತೊಗರಿ ಹೂ ಬಿಟ್ಟಿತೇ, ಮನೆದೇವರು ಯಾವುದು ಎಂದು ವಿಚಾರಿಸುತ್ತಿದ್ದರು. ಆಮೇಲೆ ಹೇಳುತ್ತಿದ್ದರು:

"ಹೆಲ್ಮೆಟ್ ಹಾಕ್ಕೋ ತಾಯಿ. ನಿನ್ನ ತಲಿ ನಿಂದಲ್ಲ, ನಿನ್ನ ಮಕ್ಕಳದು."

ಪರದೇಶದಲ್ಲಿ ಇಂಥ ಮಾತು ಕೇಳಿದರೆ ಯಾರು ಕರಗುವುದಿಲ್ಲ? ನಾನೂ ಕಲಬುರಗಿಯವಳೇ, ಮೊದಲ ವಾರ ನಾನೂ ಕರಗಿದೆ. ನೀವೆಲ್ಲ ನನ್ನ ಮನೆಯ ಮಂದಿ ಎಂದು ಬೆಳಗಿನ ಸಭೆಯಲ್ಲಿ ಎದೆ ಮುಟ್ಟಿಕೊಂಡು ಹೇಳಿದವರು, ಅದೇ ಮಧ್ಯಾಹ್ನ ಯಾವುದೋ ಗಾಯದ ವಿಷಯಕ್ಕೆ ದೊಡ್ಡ ಆಫೀಸಿನಿಂದ ಫೋನ್ ಬಂದಾಗ, ಅವನು ನಮ್ಮವನಲ್ಲ, ಗುತ್ತಿಗೆಯವರ ಗುತ್ತಿಗೆಯವನು ಎಂದು ನೆಮ್ಮದಿಯಿಂದ ಉತ್ತರಿಸಿದ್ದು ಗೋಡೆಯಾಚೆಯಿಂದ ಕೇಳಿಸಿದ ಮೇಲೆ ನಾನು ಮತ್ತೆ ಗಟ್ಟಿಯಾದೆ.

ಅವರ ಮಾತಿನಲ್ಲಿ ಸುಳ್ಳೂ ಇರಲಿಲ್ಲ ಅನ್ನಿ. ಕಟ್ಟಿಸುವವರು ಕೆಲಸವನ್ನು ಒಬ್ಬ ಗುತ್ತಿಗೆದಾರನಿಗೆ ಕೊಟ್ಟಿದ್ದರು. ಅವನು ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಒಬ್ಬನಿಗೆ, ಇಟ್ಟಿಗೆ ಒಬ್ಬನಿಗೆ, ಗೋಡೆಯ ಗಿಲಾವು ಇನ್ನೊಬ್ಬನಿಗೆ ಹಂಚಿದ್ದ. ಅವರು ತಲಾ ಒಬ್ಬೊಬ್ಬ ಮುಕಾದಮನನ್ನು ಹಿಡಿದಿದ್ದರು, ಮುಕಾದಮರು ತಮ್ಮ ತಮ್ಮ ಊರಿನ ಓಣಿಗಳಿಂದ ಮಂದಿಯನ್ನು ಲಾರಿ ಹತ್ತಿಸಿ ತಂದಿದ್ದರು. ಕೆಲಸ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬಂದು ಕೊನೆಗೆ ಗಾರೆ ತುಂಬಿದ ಘಮೇಲಾ ಹೊರುವವಳ ತಲೆಯ ಮೇಲೆ ಕೂರುತ್ತಿತ್ತು. ಜವಾಬ್ದಾರಿ ಮಾತ್ರ ಎಲ್ಲಿಯೂ ಕೂರುತ್ತಿರಲಿಲ್ಲ. ಹೆಂಗಸರು ರಬ್ಬರ್ ಚಪ್ಪಲಿಯಲ್ಲಿ ಸ್ಲ್ಯಾಬಿನ ಮೇಲೆ ಓಡಾಡುತ್ತಾರೆ, ಬಿಚ್ಚಿದ ಹಲಗೆಗಳಲ್ಲಿ ಮೊಳೆಗಳು ಹಾಗೇ ನಿಂತಿರುತ್ತವೆ, ಬೂಟು ಕೊಡಿಸಿ ಎಂದು ನಾನು ಒಮ್ಮೆ ಕೇಳಿದೆ. ಸಾಹೇಬರು ನನ್ನನ್ನು ಕೂರಿಸಿಕೊಂಡು ತಿಳಿಹೇಳಿದರು.

"ಬೂಟು ಅವರ ಗುತ್ತಿಗೆದಾರ ಕೊಡಬೇಕ್ರೀ ಸಿಸ್ಟರ್. ನಾವು ಸಂಸ್ಕೃತಿ ಕೊಡ್ತೀವಿ."

ಈ ಸಂಸ್ಕೃತಿ ಅವರಿಗೆ ಲೋಣಾವಳಾದಲ್ಲಿ ಸಿಕ್ಕಿದ್ದು. ಮಳೆಗಾಲದಲ್ಲಿ ಒಂದು ಸಲ ಅಧಿಕಾರಿಗಳನ್ನೆಲ್ಲ ಅಲ್ಲಿಯ ಹೋಟೆಲಿಗೆ ಕರೆದೊಯ್ದು ಶಿಬಿರ ನಡೆಸಿದ್ದರು. ಕಣ್ಣು ಕಟ್ಟಿಕೊಂಡು ಹಿಂದಕ್ಕೆ ಬೀಳುವುದು, ಬಿದ್ದವರನ್ನು ಉಳಿದವರು ಹಿಡಿಯುವುದು, ಹೀಗೆಲ್ಲ ಆಟ ಆಡಿಸಿದರಂತೆ. ಸಾಹೇಬರು ಬಿದ್ದಾಗ ಆರು ಮಂದಿ ಹಿಡಿದರಂತೆ. ಅಲ್ಲಿಂದ ನನಗೊಂದು ಪೊಟ್ಟಣ ಚಿಕ್ಕಿ ತಂದರು, ಸೈಟಿಗೆ ಒಂದು ಹೊಸ ಮಾತು ತಂದರು. ಸುರಕ್ಷತೆ ಅನ್ನೋದು ಸಾಮಾನಿನಲ್ಲಿ ಇಲ್ಲ, ಮನಸ್ಸಿನಲ್ಲಿದೆ. ಅಂದಿನಿಂದ ಮೇಲಿಂದ ಬಿದ್ದವರನ್ನು ಹಿಡಿಯುವ ಜಾಲಿ ಹರಿದಿದೆ ಎಂದರೂ ಮನಸ್ಸು, ಬೆಲ್ಟು ಸಾಲದು ಎಂದರೂ ಮನಸ್ಸು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ.

ಆ ಮನಸ್ಸನ್ನು ತಯಾರು ಮಾಡಲು ಅವರು ಗೇಟಿನ ಬಳಿ ಒಂದು ಬೋರ್ಡು ನಿಲ್ಲಿಸಿದರು. ಹಸಿರು ಬಣ್ಣದ್ದು, ಆಳೆತ್ತರದ್ದು. ಅಪಘಾತವಿಲ್ಲದ ದಿನಗಳು ಎಂದು ಮರಾಠಿ, ಹಿಂದಿ, ಇಂಗ್ಲಿಷ್ ಜೊತೆಗೆ ನಮ್ಮ ಕನ್ನಡದಲ್ಲೂ ಬರೆಸಿದ್ದರು. ಕೆಳಗೆ ಅಂಕಿ. ದಿನಾ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಸಾಹೇಬರೇ ಹಳೆಯ ಅಂಕಿ ತೆಗೆದು ಹೊಸದನ್ನು ಸಿಕ್ಕಿಸುತ್ತಿದ್ದರು, ಎಲ್ಲರೂ ಚಪ್ಪಾಳೆ ಹೊಡೆಯಬೇಕು. ಯಾರಿಗಾದರೂ ಗಾಯವಾಗಿ ನನ್ನ ಕೋಣೆಯ ಪುಸ್ತಕದಲ್ಲಿ ಹೆಸರು ಬಿದ್ದರೆ ಅಂಕಿ ಸೊನ್ನೆಗೆ ಬರುತ್ತಿತ್ತು. ತಿಂಗಳಿಡೀ ಸೊನ್ನೆಯಾಗದಿದ್ದರೆ ಇಡೀ ಸೈಟಿಗೆ ಬಿಸಿ ಜಿಲೇಬಿ. ಸೊನ್ನೆಯಾದರೆ ಯಾರಿಗೂ ಇಲ್ಲ, ಜೊತೆಗೆ ಗಾಯವಾದವನ ಮುಕಾದಮನಿಗೆ ಆಫೀಸಿನಲ್ಲಿ ಮಂಗಳಾರತಿ.

ಮೊದಲ ತಿಂಗಳು ಅಂಕಿ ಎರಡು ಸಲ ಸೊನ್ನೆಯಾಯಿತು. ಮುಕಾದಮರು ತಮ್ಮ ಮಂದಿಗೆ ಏನು ಹೇಳಬೇಕೋ ಹೇಳಿದರು. ಆಮೇಲೆ ನನ್ನ ಕೋಣೆಗೆ ಬರುವವರು ನಿಂತೇಹೋದರು. ನಾನು ಬೆಳಗಿನಿಂದ ಸಂಜೆಯವರೆಗೆ ಎಲುಬುಗಳ ಚಿತ್ರ ನೋಡುತ್ತ ಕೂತೆ. ಸಾಹೇಬರು ಬಾಗಿಲಲ್ಲಿ ನಿಂತು ಖಾಲಿ ಮಂಚವನ್ನು ಮಗಳ ಮದುವೆಯ ಮಂಟಪವನ್ನು ನೋಡುವಷ್ಟು ಸಂತೋಷದಿಂದ ನೋಡಿ ಹೋಗುತ್ತಿದ್ದರು.

ಗಾಯಗಳು ಎಲ್ಲಿ ಹೋದವು ಎಂದು ನನಗೆ ಗೊತ್ತಾದದ್ದು ಗೇಟಿನ ಹೊರಗೆ, ಚಹಾದ ಗಾಡಿಯ ಹಿಂದೆ. ಸಂಜೆ ಕೆಲಸ ಮುಗಿಸಿ ಹೊರಟ ನನ್ನನ್ನು ಒಬ್ಬ ಗೌಂಡಿ ಕರೆದು ಕೈ ಚಾಚಿದ. ಬೆರಳು ಉಗುರಿನ ತನಕ ಸೀಳಿತ್ತು. ಏನಾಯಿತು ಎಂದರೆ ಮನೆಯಲ್ಲಿ ಬದನೆಕಾಯಿ ಹೆಚ್ಚುವಾಗ ಕೊಯ್ದುಕೊಂಡೆ ಎಂದ. ಹೆಂಡತಿ ಪಕ್ಕದಲ್ಲೇ ನಿಂತು ತಲೆಯಾಡಿಸಿದಳು. ಮರುದಿನ ಇನ್ನೊಬ್ಬ ಬಂದ, ಒಲೆಯ ಕೊಳ್ಳಿ ಕಾಲ ಮೇಲೆ ಬಿತ್ತು ಎಂದ. ಕಾಲ ತುಂಬ ಸಿಮೆಂಟು ಮೆತ್ತಿತ್ತು. ಆ ಸೈಟಿನ ಗಂಡಸರೆಲ್ಲ ಒಂದೇ ತಿಂಗಳಲ್ಲಿ ಅಡುಗೆಗೆ ಇಳಿದುಬಿಟ್ಟಿದ್ದರು. ನಾನು ಚೀಲದಲ್ಲಿ ಟಿಂಚರು, ಪಟ್ಟಿ ಇಟ್ಟುಕೊಂಡೇ ಮನೆಗೆ ಹೊರಡತೊಡಗಿದೆ. ಕಂಪನಿ ಸಂಬಳ ಕೊಡುತ್ತಿದ್ದ ಕೋಣೆಯಲ್ಲಿ ನೊಣ ಹೊಡೆಯುವುದು, ಚಹಾದ ಗಾಡಿಯ ಹಿಂದೆ ದವಾಖಾನೆ ನಡೆಸುವುದು.

ಸಾಹೇಬರಿಗೆ ಹೇಳಿದೆ. ಒಂದಲ್ಲ, ಹತ್ತು ಸಲ ಹೇಳಿದೆ. ಜನ ಜಾಗರೂಕರಾಗಿಲ್ಲ, ಬಾಯಿ ಮುಚ್ಚಿಕೊಂಡಿದ್ದಾರೆ, ಒಂದು ದಿನ ಇದು ಯಾರದೋ ಜೀವಕ್ಕೆ ಬರುತ್ತದೆ ಎಂದೆ. ಅವರು ಬಸಿಯಲ್ಲಿ ಚಹಾ ಆರಿಸುತ್ತ ಕೇಳಿಸಿಕೊಂಡರು. ಹೊರಗೆ ಆದದ್ದಕ್ಕೆ ನಾವೇನು ಮಾಡೋದಿದೆ, ಅಡುಗೆಮನೆಯ ಸುರಕ್ಷತೆಯ ಬಗ್ಗೆಯೂ ಒಂದು ದಿನ ಮಾತಾಡೋಣ ಎಂದರು. ತಮಾಷೆಗಲ್ಲ. ಮುಂದಿನ ಸೋಮವಾರ ನಿಜವಾಗಿಯೂ ಮಾತಾಡಿದರು. ಈಳಿಗೆಯ ಮುಂದೆ ಹೇಗೆ ಕೂರಬೇಕು ಎಂದು ಇಡೀ ಸೈಟಿಗೆ ಪಾಠವಾಯಿತು, ಸೆಂಟ್ರಿಂಗಿನ ಗಂಡಸರು ಗಂಭೀರವಾಗಿ ಕೇಳಿಸಿಕೊಂಡರು.

ಈ ಮನುಷ್ಯ ಕಳ್ಳನಾಗಿದ್ದರೆ ನನಗೆ ಸುಲಭವಿತ್ತು. ಯಾರ ಕೈಯಿಂದಲೂ ಒಂದು ಪೈಸೆ ಮುಟ್ಟಿದವರಲ್ಲ. ಗುತ್ತಿಗೆದಾರ ದೀಪಾವಳಿಗೆ ಕಳಿಸಿದ ಸಿಹಿಯ ಡಬ್ಬಿಯನ್ನು ವಾಚ್‌ಮನ್‌ನಿಗೆ ಕೊಟ್ಟುಬಿಡುತ್ತಿದ್ದರು. ಯಾರದಾದರೂ ಕೂಸಿಗೆ ಜ್ವರ ಎಂದರೆ ಸ್ವಂತ ಕಾರಿನಲ್ಲಿ ಕರೆದೊಯ್ದದ್ದುಂಟು. ಆ ಬೋರ್ಡು ನಿಜ ಹೇಳುತ್ತಿದೆ ಎಂದು ಅವರು ಮನಸಾರೆ ನಂಬಿದ್ದರು. ನಂಬಲು ಅನುಕೂಲವಾದದ್ದನ್ನೇ ನಂಬುವ ಜಾಣತನ ಕೆಲವರಿಗೆ ಹುಟ್ಟಿನಿಂದ ಬಂದಿರುತ್ತದೆ, ಅವರಿಗೆ ಸುಳ್ಳು ಹೇಳುವ ಪ್ರಸಂಗವೇ ಬರುವುದಿಲ್ಲ.

ಇನ್ನು ನಮ್ಮ ಮಂದಿಯ ಕಥೆ. ಅಂಕಿ ದೊಡ್ಡದಾಗುತ್ತ ಹೋದಂತೆ ಅವರಿಗೆ ಅದರ ಮೇಲೆ ಭಯಭಕ್ತಿ ಹುಟ್ಟಿತು. ದೇವರ ಮುಂದಿನ ನಂದಾದೀಪವನ್ನು ಆರಲು ಬಿಡಬಾರದಲ್ಲ, ಹಾಗೆ. ಯಾರ ಕೈಯಲ್ಲಿ ಅದು ಸೊನ್ನೆಯಾಗುತ್ತದೋ ಅವರ ಮನೆಗೆ ಒಳ್ಳೆಯದಲ್ಲ ಎಂದು ಯಾರೋ ಆಡಿದರು, ಎಲ್ಲರೂ ನಂಬಿದರು. ಒಂದು ಅಮಾವಾಸ್ಯೆಯ ದಿನ ನೋಡುತ್ತೇನೆ, ಬೋರ್ಡಿಗೆ ಕುಂಕುಮ ಹಚ್ಚಿದ್ದಾರೆ, ಬುಡದಲ್ಲಿ ಕಾಯಿ ಒಡೆದಿದೆ. ಇದು ಒಳ್ಳೆಯದಕ್ಕಲ್ಲ ಎಂದು ಸಾಹೇಬರನ್ನು ಕರೆದು ತೋರಿಸಿದೆ. ಅವರು ಫೋನ್ ತೆಗೆದು ನಾಲ್ಕು ಕಡೆಯಿಂದ ಫೋಟೋ ಹೊಡೆದರು.

"ನೋಡ್ರಿ ಸಿಸ್ಟರ್. ಇದಕ್ಕ ಅನ್ನೂದು ಸಂಸ್ಕೃತಿ. ರಕ್ತದಾಗ ಇಳಿದದ."

ಆ ಫೋಟೋ ಊರೆಲ್ಲ ಓಡಾಡಿತು. ಉಪಗುತ್ತಿಗೆಯ ಕೂಲಿಕಾರರಲ್ಲಿ ಇಂಥ ಜಾಗೃತಿ ಬೇರೆಲ್ಲೂ ಕಂಡಿಲ್ಲ ಎಂದು ದೊಡ್ಡ ಆಫೀಸು ಹಿಗ್ಗಿತು. ಸಾಹೇಬರಿಗೆ ಬಹುಮಾನ ಎಂದಾಯಿತು, ಕೊಡುವವರು ಸೈಟಿಗೇ ಬರುತ್ತಾರೆ ಎಂದಾಯಿತು.

ಮಲ್ಲಮ್ಮ ಎಂಬವಳಿದ್ದಳು. ಯಾದಗಿರಿಯ ಕಡೆಯವಳು, ನನಗಿಂತ ಸ್ವಲ್ಪ ಚಿಕ್ಕವಳು. ಗಂಡ ಸೆಂಟ್ರಿಂಗ್ ಬಿಚ್ಚುತ್ತಿದ್ದ, ಇವಳು ಬಿಚ್ಚಿದ ಹಲಗೆಗಳನ್ನು ಎತ್ತಿ ಒಟ್ಟುತ್ತಿದ್ದಳು. ಸೀರೆಯ ಮೇಲೆ ಗಂಡನ ಹಳೆಯ ಶರ್ಟು, ಅದರ ಮೇಲೆ ಹೆಲ್ಮೆಟ್ಟು, ಬಾಯಲ್ಲಿ ಯಾವಾಗಲೂ ಏನಾದರೊಂದು ನಗೆಯ ಮಾತು. ಒಳ್ಳೆಯ ಕಂಠ. ಅವಳ ಓಣಿಯ ಮಂದಿಯೆಲ್ಲ ಒಂದೇ ಮುಕಾದಮನ ಕೆಳಗೆ ಬಂದಿದ್ದರು, ಹೆಂಗಸರಿಗೆಲ್ಲ ಇವಳೇ ಹಿರಿಯಳು. ಬಹುಮಾನದವರಿಗೆ ಆರತಿ ಎತ್ತಿ, ಬೋರ್ಡಿಗೂ ಬೆಳಗಿ ಹಾಡುವ ಕೆಲಸಕ್ಕೆ ಸಾಹೇಬರು ಇವಳನ್ನೇ ಆರಿಸಿದ್ದರು. ಬಹುಮಾನದ ದಿನ, ಅದೊಂದು ದಿನದ ಮಟ್ಟಿಗೆ, ಸ್ಟೋರಿನಿಂದ ಹೆಂಗಸರಿಗೆ ಹೊಸ ಗಂಬೂಟು ಕೊಟ್ಟರು. ಎಲ್ಲವೂ ಗಂಡಸರ ಅಳತೆಯವು, ನಡೆದರೆ ಕಾಲು ಒಂದು ಕಡೆ ಬೂಟು ಒಂದು ಕಡೆ.

ಅತಿಥಿಗಳು ಬಂದರು, ಭಾಷಣಗಳಾದವು. ಮಲ್ಲಮ್ಮ ತಟ್ಟೆ ಹಿಡಿದು ನಿಂತಿದ್ದಳು. ನಾನು ಹಿಂದಿನ ಸಾಲಿನಿಂದ ಅವಳನ್ನೇ ನೋಡುತ್ತಿದ್ದೆ. ಬಿಸಿಲಿರಲಿಲ್ಲ, ಆದರೂ ಮುಖದಲ್ಲಿ ಬೆವರು ಇಳಿಯುತ್ತಿತ್ತು. ಇಡೀ ಮೈಭಾರ ಎಡಗಾಲಿನ ಮೇಲೆ. ಹಾಡಲು ಬಾಯಿ ತೆರೆದವಳಿಗೆ ಸ್ವರ ಬರಲಿಲ್ಲ, ತಟ್ಟೆಯ ದೀಪ ಅಲುಗಾಡಿತು. ನಾನು ಎದ್ದು ಹೋಗಿ, ಅವಳ ಮುಂದೆ ನೆಲದ ಮೇಲೆ ಕೂತು ಬಲಗಾಲಿನ ಬೂಟು ಎಳೆದೆ. ಬೇಡ ಅಕ್ಕಾರ, ಬೇಡ ಎಂದು ಪಿಸುಗುಟ್ಟಿದಳು. ಎಳೆದೆ.

ವಾಸನೆ ಮೊದಲು ಬಂತು. ಅತಿಥಿಗಳಲ್ಲಿ ಒಬ್ಬರು ಕರವಸ್ತ್ರ ತೆಗೆದರು. ಅರಿಸಿನ, ಸುಣ್ಣ ಮೆತ್ತಿ ಹಳೆ ಬಟ್ಟೆ ಸುತ್ತಿದ್ದಳು. ಬಟ್ಟೆಯೊಳಗೆ ಅರ್ಧ ಪಾದ ಕಪ್ಪಾಗಿತ್ತು, ಅಂಗಾಲಿನ ನಡುವೆ ಮೊಳೆ ಹೊಕ್ಕ ತೂತು. ಚಹಾದ ಗಾಡಿಯ ಹಿಂದೆ ನನ್ನ ಹತ್ತಿರ ಕೂಡ ಇವಳು ಬಂದಿರಲಿಲ್ಲ. ಬಹುಮಾನದ ದಿನ ಹತ್ತಿರವಾದಾಗ ಕುಂಟುವುದು ಯಾರ ಕಣ್ಣಿಗೂ ಬೀಳಬಾರದು ಎಂದು ಮುಕಾದಮ ಎಲ್ಲರಿಗೂ ಕಟ್ಟಪ್ಪಣೆ ಮಾಡಿದ್ದನಂತೆ. ಯಾರ ಕಾಲಿನಿಂದ ಸೊನ್ನೆಯಾಗುತ್ತದೋ ಅವರ ಓಣಿಯ ಮಂದಿಯನ್ನೆಲ್ಲ ಊರಿಗೆ ಅಟ್ಟುತ್ತೇನೆ ಎಂದಿದ್ದನಂತೆ.

ಸಾಹೇಬರು ಬಂದು ಬಗ್ಗಿ ನೋಡಿದರು. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಮೆಲ್ಲಗೆ ಕೇಳಿದರು.

"ಎಲ್ಲಿ ಆತವ್ವಾ ಇದು?"

ಮಲ್ಲಮ್ಮ ಮುಕಾದಮನ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. "ಮನ್ಯಾಗ್ರೀ ಸಾಹೇಬ್ರ" ಎಂದಳು. ಹಿಂದೆ ನಿಂತ ಹೆಂಗಸರೂ ಹೌದ್ರೀ, ಮನ್ಯಾಗ, ಮನ್ಯಾಗ ಎಂದರು. ಗಂಡನೂ ತಲೆಯಾಡಿಸಿದ. ಮನೆ ಎಂದರೆ ಸೈಟಿನ ಹಿಂದಿನ ತಗಡಿನ ಗೂಡು, ಮಣ್ಣಿನ ನೆಲ. ಅಲ್ಲಿ ಮೊಳೆ ಬಡಿಯಲು ಒಂದು ಹಲಗೆಯೂ ಇರಲಿಲ್ಲ.

ಸಾಹೇಬರು ನೆಟ್ಟಗಾದರು. ನಾನು ಅವರನ್ನು ಅಷ್ಟು ಹತ್ತಿರದಿಂದ ನೋಡುತ್ತಿದ್ದೆನಾದ್ದರಿಂದ ಉಸಿರು ಬಿಟ್ಟದ್ದು ಕೇಳಿಸಿತು. ಅತಿಥಿಗಳಿಗೆ ಇಂಗ್ಲಿಷಿನಲ್ಲಿ ವಿವರಿಸಿದರು, ಈ ಜನರ ಮನೆಗಳಲ್ಲಿ ಇನ್ನೂ ಜಾಗೃತಿ ಸಾಲದು ಎಂದರು. ಅವಳನ್ನು ಆಸ್ಪತ್ರೆಗೆ ಒಯ್ಯಲು ತಮ್ಮ ಕಾರನ್ನೇ ಕೊಟ್ಟರು. ಹಿಂದಿನ ಸೀಟಿನಲ್ಲಿ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೂತಾಗ ಕಿಟಕಿಗೆ ಬಗ್ಗಿ, ಬೆಲ್ಟು ಹಾಕಿಕೊಳ್ಳಿ ಎಂದು ನೆನಪಿಸಿದರು. ಗೇಟು ದಾಟುವಾಗ ತಿರುಗಿ ನೋಡಿದೆ. ಆರತಿಯ ತಟ್ಟೆ ಬೇರೊಬ್ಬಳ ಕೈಗೆ ಹೋಗಿತ್ತು.

ಪಾಲಿಕೆಯ ಆಸ್ಪತ್ರೆಯಲ್ಲಿ ನೋಡಿದರೆ ಅವಳಿಗೆ ಸಕ್ಕರೆ ಕಾಯಿಲೆಯೂ ಇತ್ತು, ಅದು ಅವಳಿಗೇ ಗೊತ್ತಿರಲಿಲ್ಲ. ಬೆರಳುಗಳ ಸಮೇತ ಪಾದದ ಮುಂದಿನ ಭಾಗ ತೆಗೆದರು. ಇನ್ನು ಹಲಗೆ ಹೊರುವುದು ಆ ಜನ್ಮಕ್ಕೆ ಮುಗಿದ ಮಾತು. ಗಾಯ ಸೈಟಿನಲ್ಲಿ ಆದದ್ದು ಎಂದರೆ ಚಿಕಿತ್ಸೆಯೂ ಮುಂದಿನ ಬದುಕಿನ ಪರಿಹಾರವೂ ಗುತ್ತಿಗೆದಾರರ ತಲೆಗೆ ಬರುತ್ತಿತ್ತು. ಮನೆಯಲ್ಲಿ ಆದದ್ದು ಎಂದರೆ ಅವಳ ತಲೆಗೇ. ಡಾಕ್ಟರು ಒಳ್ಳೆಯವನು. ನಿಜ ಏನೆಂದು ಅವಳ ಬಾಯಿಂದ ಬಂದರೆ ಸಾಕು, ಬರೆಯುತ್ತೇನೆ ಎಂದ. ನಾನು ದಿನಾ ಕೆಲಸ ಮುಗಿಸಿ ಮನೆಯಿಂದ ಊಟ ಕಟ್ಟಿಕೊಂಡು ಹೋಗುತ್ತಿದ್ದೆ, ದಿನಾ ಅವಳ ಕಿವಿಯಲ್ಲಿ ಅದನ್ನೇ ಊದುತ್ತಿದ್ದೆ. ಅವಳದು ಒಂದೇ ಉತ್ತರ.

"ನನ್ನ ಒಂದು ಕಾಲಿನ ಸಲುವಾಗಿ ಓಣಿ ಮಂದಿ ಹೊಟ್ಟಿ ಮ್ಯಾಲ ಹೊಡೀಲೇನ್ರಿ ಅಕ್ಕಾರ?"

ನಾನು ತಂದ ಊಟವನ್ನು ಎರಡು ತುತ್ತಿಗೆ ಪಕ್ಕಕ್ಕೆ ತಳ್ಳುತ್ತಿದ್ದಳು. ನೋವಿಗೆ ಹೀಗೆ ಎಂದುಕೊಂಡಿದ್ದೆ. ಸಾಹೇಬರು ಯಾವಾಗ ಬರುತ್ತಾರೆ, ಸಿಟ್ಟು ಮಾಡಿಕೊಂಡಿದ್ದಾರೇನು ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಅದಕ್ಕೆ ನಾನು ಅಷ್ಟು ಗಮನ ಕೊಡಲಿಲ್ಲ.

ಸಾಹೇಬರು ಬಂದರು. ಬಹುಮಾನದ ಗಡಿಬಿಡಿಯೆಲ್ಲ ಮುಗಿದ ಮೇಲೆ ಒಂದು ಸಂಜೆ, ಸೇಬುಹಣ್ಣಿನ ಚೀಲ ಹಿಡಿದು ಬಂದರು. ವಾರ್ಡಿನ ಬಾಗಿಲಲ್ಲಿ ಕೈಗೆ ಔಷಧ ಉಜ್ಜಿಕೊಂಡು, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ ಎಂದು ಒಮ್ಮೆ ನೋಡಿ ಒಳಗೆ ಬಂದರು. ನನಗೆ ಎಂದೂ ಇಲ್ಲದ ಸಂತೋಷವಾಯಿತು. ಮುಕಾದಮ ಇಲ್ಲ, ಅತಿಥಿಗಳಿಲ್ಲ. ಈಗ ಇವಳು ಇವರ ಮುಖಕ್ಕೆ ಹೇಳಿದರೆ, ಇವರು ಆಫೀಸಿಗೆ ಒಂದು ಮಾತು ಹೇಳಿದರೆ ಆಗಿಹೋಗುತ್ತದೆ. ನಮ್ಮದೇ ಭಾಷೆಯವರು, ಇದ್ದದ್ದು ಇದ್ದಂತೆ ಹೇಳು ಮಲ್ಲಮ್ಮಾ ಎಂದು ಅವಳನ್ನು ಎಬ್ಬಿಸಿ ದಿಂಬಿಗೆ ಒರಗಿಸಿದೆ.

ಅವಳು ಕೈ ಜೋಡಿಸಿದಳು.

"ಸ್ಲ್ಯಾಬ್ ಮ್ಯಾಲೇ ಮೊಳಿ ತುಳದೆ ರೀ ಸಾಹೇಬ್ರ, ಹಲಗಿ ಎತ್ತೂ ಮುಂದ. ಮನ್ಯಾಗ ಅಂತ ಸುಳ್ಳ ಹೇಳಿದೆ."

ನಾನು ದೇವರನ್ನು ನೆನೆದೆ. ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಅವತ್ತ ನಾ ಆರತಿಗೆ ಬರಬಾರದಿತ್ರೀ. ಬ್ಯಾರೇದಾಕಿನ್ನ ಕಳಸಬೇಕಿತ್ತು. ಅಷ್ಟ ದೊಡ್ಡ ಮಂದಿ ಮುಂದ ನಿಮ್ಮ ಮಾನ ಕಳದೆ. ತಪ್ಪಾತ್ರೀ."

ಸಾಹೇಬರು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತರು. ಕಣ್ಣಲ್ಲಿ ನೀರು ಬಂತು. ಕಾಲು ಹಾಸಿಗೆಯ ಮೇಲೆ, ಬಿಳಿ ಪಟ್ಟಿಯಲ್ಲಿ, ಅವರ ಮೊಣಕೈಯ ಪಕ್ಕದಲ್ಲೇ ಇತ್ತು. ಅವರು ಕೈ ಎತ್ತಿ ಅವಳ ತಲೆಯ ಮೇಲಿಟ್ಟರು.

"ಇರ್ಲಿ ಬಿಡವ್ವಾ. ಆಗೂದು ಆಗಿಹೋತು. ನಾ ಏನೂ ಮನಸಿನ್ಯಾಗ ಇಟ್ಕೊಂಡಿಲ್ಲ."

ಎದ್ದು ಹೊರಟವರ ಹಿಂದೆಯೇ ಮೆಟ್ಟಿಲಿನವರೆಗೆ ಓಡಿದೆ. ಕೇಳಿದಿರಲ್ಲ, ಆಫೀಸಿಗೆ ಹೇಳುತ್ತೀರಲ್ಲ ಎಂದೆ. ಅವರಿಗೆ ನನ್ನ ಪ್ರಶ್ನೆ ಅರ್ಥವಾದಂತೆಯೇ ಕಾಣಲಿಲ್ಲ. ಮನೆಯಲ್ಲಿ ಆಯಿತು ಎಂದು ಅವಳೇ ಎಲ್ಲರ ಮುಂದೆ ಹೇಳಿದ್ದಾಳೆ, ಈಗ ಬದಲಿಸಿದರೆ ಪಾಪ ಅವಳೇ ಸುಳ್ಳುಗಾರ್ತಿಯಾಗುತ್ತಾಳೆ, ಬಡವರ ಮರ್ಯಾದೆ ಕಾಯಬೇಕು ಸಿಸ್ಟರ್ ಎಂದರು. ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದರು.

ವಾರ್ಡಿಗೆ ವಾಪಸು ಬಂದೆ. ಮಲ್ಲಮ್ಮ ಎದ್ದು ಕೂತಿದ್ದಳು. ಮುಖ ತೊಳೆದ ಹಾಗಿತ್ತು.

"ಮನಸಿನ್ಯಾಗ ಇಟ್ಕೊಂಡಿಲ್ಲಂತ್ರಿ ಅಕ್ಕಾರ" ಎಂದಳು. ನನ್ನ ಡಬ್ಬಿಯನ್ನು ತಾನೇ ಎಳೆದುಕೊಂಡು, ಅಷ್ಟು ದಿನಗಳಲ್ಲಿ ಮೊದಲ ಸಲ, ರೊಟ್ಟಿ ಪಲ್ಯ ಎಲ್ಲ ಉಂಡು ಮುಗಿಸಿದಳು.